ಹೃದಯಾಘಾತದ ನಂತರದ ದಾಂಪತ್ಯ: ಹೆಲರ್‌ಸ್ಟೀನ್ ಅವರ 1970ರ ಅಧ್ಯಯನ ಮತ್ತು ಅದರ ಪರಿಣಾಮ

ಹೃದಯಾಘಾತದಿಂದ ಚೇತರಿಸಿಕೊಂಡವರು ಊಟ, ಉಪ್ಪು, ನಡಿಗೆ, ನೌಕರಿ ಎಲ್ಲದರ ಬಗ್ಗೆಯೂ ವೈದ್ಯರನ್ನು ಕೇಳುತ್ತಾರೆ. ಗಂಡ ಹೆಂಡತಿ ಮತ್ತೆ ಕೂಡಬಹುದೇ ಎಂದು ಕೇಳಲು ಮಾತ್ರ ಸಂಕೋಚ. ಈ ಪ್ರಶ್ನೆಗೆ ಅಳತೆಯ ಆಧಾರದಲ್ಲಿ ಉತ್ತರ ಹುಡುಕಿದ ಮೊದಲಿಗರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಹೃದ್ರೋಗ ತಜ್ಞ ಹರ್ಮನ್ ಹೆಲರ್‌ಸ್ಟೀನ್ ಒಬ್ಬರು. ಅರ್ನೆಸ್ಟ್ ಫ್ರೀಡ್‌ಮನ್ ಅವರೊಡನೆ ಅವರು ನಡೆಸಿದ ಅಧ್ಯಯನ 1970ರಲ್ಲಿ ‘ಆರ್ಕೈವ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಿಯ ಸಹಜ ಬದುಕಿನೊಳಗೇ ಅಳತೆ ಮಾಡಿದ್ದು ಅದರ ಶಕ್ತಿ. ಹೆಂಗಸರನ್ನು ಹೊರಗಿಟ್ಟದ್ದು ಅದರ ಕೊರತೆ. ಈ ಎರಡರ ಪರಿಣಾಮವೂ ಇಂದಿಗೂ ಉಳಿದಿದೆ ಎಂಬುದು ಈ ಲೇಖನದ ವಾದ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸುವುದು ರೂಢಿಯಾಗಿತ್ತು. ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೀನ್ ಮತ್ತು ಬರ್ನಾರ್ಡ್ ಲೌನ್ 1952ರಲ್ಲಿ ರೋಗಿಯನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಬಹುದೆಂದು ತೋರಿಸಿದಾಗ ಆ ರೂಢಿ ಸಡಿಲವಾಗತೊಡಗಿತು. ಹೆಲರ್‌ಸ್ಟೀನ್ ಕೂಡ ಇಂಥವರನ್ನು ದುಡಿಮೆಗೆ ಮರಳಿಸುವ ಕೆಲಸದಲ್ಲೇ ತೊಡಗಿದ್ದವರು.

ದಾಂಪತ್ಯದ ವಿಷಯದಲ್ಲಿ ಭಯ ಹಾಗೇ ಇತ್ತು. ಲೈಂಗಿಕ ಕ್ರಿಯೆಯನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ತಮ್ಮ ಪ್ರಯೋಗಾಲಯದ ದಾಖಲೆಗಳನ್ನು 1966ರಲ್ಲಿ ಪ್ರಕಟಿಸಿದಾಗ, ಉದ್ರೇಕದ ಉತ್ತುಂಗದಲ್ಲಿ ನಾಡಿಬಡಿತ ನಿಮಿಷಕ್ಕೆ 180ರವರೆಗೂ ಏರುವುದು ಕಂಡಿತ್ತು. ದುರ್ಬಲ ಹೃದಯ ಇದನ್ನು ತಾಳೀತೇ ಎಂಬ ಅನುಮಾನ ಸಹಜವೇ. ಆದರೆ ಜಪಾನಿನ ಉಎನೊ 1963ರಲ್ಲೇ ಪ್ರಕಟಿಸಿದ್ದ ಪರಿಶೀಲನೆಯಲ್ಲಿ 5,559 ಹಠಾತ್ ಸಾವುಗಳ ಪೈಕಿ ಸಂಭೋಗಕ್ಕೆ ಸಂಬಂಧಿಸಿದವು ಕೇವಲ 34.

ಕ್ಲೀವ್‌ಲ್ಯಾಂಡ್‌ನ ಅಳತೆ

ನಾರ್ಮನ್ ಹೋಲ್ಟರ್ ರೂಪಿಸಿದ್ದ, ಮೈಗೆ ಕಟ್ಟಿಕೊಂಡು ಓಡಾಡಬಹುದಾದ ಇಸಿಜಿ ಯಂತ್ರ ಆ ಹೊತ್ತಿಗೆ ಬಳಕೆಗೆ ಬಂದಿತ್ತು. ಹೆಲರ್‌ಸ್ಟೀನ್ ಅದನ್ನು ಮಧ್ಯವಯಸ್ಸಿನ ವಿವಾಹಿತ ಪುರುಷರ ಎದೆಗೆ ಜೋಡಿಸಿ, ಎಂದಿನಂತೆ ಕಚೇರಿಗೂ ಮನೆಗೂ ಹೋಗಿಬರಲು ಬಿಟ್ಟರು. ನೋಡುವವರಿಲ್ಲ, ಪ್ರಯೋಗಾಲಯವಿಲ್ಲ, ಕತ್ತಲ ಕೋಣೆಯಲ್ಲಿ ಟೇಪ್ ತನ್ನಷ್ಟಕ್ಕೆ ಓಡುತ್ತಿತ್ತು. ಸಂಭೋಗದ ಸಮಯದ ದಾಖಲೆ ದೊರೆತದ್ದು 14 ಮಂದಿಯಿಂದ. ಅವರ ಗರಿಷ್ಠ ನಾಡಿಬಡಿತದ ಸರಾಸರಿ 117.4, ವ್ಯಾಪ್ತಿ 90ರಿಂದ 144. ಅದೇ ಜನ ತಮ್ಮ ದಿನದ ಕೆಲಸದಲ್ಲಿ ಮುಟ್ಟಿದ ಗರಿಷ್ಠದ ಸರಾಸರಿ 120.1.

ಕೆಲಸಕ್ಕೆ ಹೋಗಬಲ್ಲವನ ಹೃದಯಕ್ಕೆ ದಾಂಪತ್ಯ ಸುಖ ಹೊರೆಯಲ್ಲ ಎಂಬ ಅರ್ಥ ಈ ಹೋಲಿಕೆಯಿಂದ ಹೊರಟಿತು. ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ಏದುಸಿರಿಲ್ಲದೆ ಹತ್ತಬಲ್ಲವರು ನಿಶ್ಚಿಂತೆಯಿಂದಿರಬಹುದು ಎಂದು ವೈದ್ಯರು ಹೇಳುವುದು ಮುಂದೆ ವಾಡಿಕೆಯಾಯಿತು.

ಮಿತಿ ಮತ್ತು ಮುಂದುವರಿಕೆ

ಹದಿನಾಲ್ಕು ಮಂದಿಯ ದಾಖಲೆಯನ್ನು ಎಲ್ಲರಿಗೂ ಅನ್ವಯಿಸಲಾಗದು. ದೊಡ್ಡ ಪ್ರಮಾಣದ ಪರೀಕ್ಷೆಯನ್ನು 1996ರಲ್ಲಿ ಜೇಮ್ಸ್ ಮುಲ್ಲರ್ ಮತ್ತು ಸಂಗಡಿಗರು ಪ್ರಕಟಿಸಿದರು. ಅದರ ಪ್ರಕಾರ ಸಂಭೋಗದ ನಂತರದ ಎರಡು ತಾಸಿನಲ್ಲಿ ಹೃದಯಾಘಾತದ ಅಪಾಯ 2.5 ಪಟ್ಟು ಏರುತ್ತದೆ. ಆದರೆ ಆ ಅವಧಿ ಚಿಕ್ಕದು, ಮೂಲ ಅಪಾಯವೂ ಅತ್ಯಲ್ಪ. ಒಟ್ಟು ಹೃದಯಾಘಾತಗಳಲ್ಲಿ ಇದರ ಪಾಲು ಶೇ. 0.9 ಮಾತ್ರ. ನಿಯಮಿತ ವ್ಯಾಯಾಮ ಮಾಡುವವರಲ್ಲಿ ಈ ಏರಿಕೆಯೂ ಬಹುಮಟ್ಟಿಗೆ ಕಾಣಲಿಲ್ಲ.

1998ರಲ್ಲಿ ನಿಮಿರು ದೌರ್ಬಲ್ಯದ ಔಷಧಿ ಸಿಲ್ಡೆನಾಫಿಲ್ ಮಾರುಕಟ್ಟೆಗೆ ಬಂತು. ಎದೆನೋವಿಗೆ ಕೊಡುವ ನೈಟ್ರೇಟ್ ಜೊತೆ ಅದನ್ನು ತೆಗೆದುಕೊಂಡರೆ ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ. ಹಾಗಾಗಿ ಹೃದ್ರೋಗಿಗಳ ಲೈಂಗಿಕ ಬದುಕನ್ನು ವಿಚಾರಿಸದೆ ವೈದ್ಯರಿಗೆ ಗತ್ಯಂತರವಿರಲಿಲ್ಲ. ಹೃದ್ರೋಗಿಗಳ ಲೈಂಗಿಕ ಚಟುವಟಿಕೆ ಕುರಿತ ಪ್ರಿನ್ಸ್‌ಟನ್ ಸಮಾಲೋಚನೆಯಲ್ಲಿ ತಜ್ಞರು ರೋಗಿಗಳನ್ನು ಕಡಿಮೆ, ಮಧ್ಯಮ, ಹೆಚ್ಚು ಅಪಾಯವೆಂದು ಮೂರು ವರ್ಗಗಳಾಗಿ ವಿಂಗಡಿಸಿದರು. ನಿಮಿರು ದೌರ್ಬಲ್ಯಕ್ಕೂ ಹೃದ್ರೋಗಕ್ಕೂ ಇರುವ ನಂಟಿನತ್ತಲೂ ಗಮನ ಹರಿಯಿತು. ಶಿಶ್ನದ ಸಣ್ಣ ರಕ್ತನಾಳಗಳಲ್ಲಿ ತೊಂದರೆ ಹೃದಯದ ದೊಡ್ಡ ನಾಳಗಳಿಗಿಂತ ಮೊದಲೇ ಕಾಣಿಸಿಕೊಳ್ಳಬಹುದೆಂದು ಇಟಲಿಯ ಮೊಂಟೊರ್ಸಿ ತಂಡ ವಾದಿಸಿತು. ನಿಮಿರು ದೌರ್ಬಲ್ಯ ಕಂಡವರಲ್ಲಿ ಮುಂದೆ ಹೃದ್ರೋಗ ಹೆಚ್ಚೆಂದು 2005ರಲ್ಲಿ ಇಯಾನ್ ಥಾಂಪ್ಸನ್ ಮತ್ತು ಸಂಗಡಿಗರು ತೋರಿಸಿದರು. ನಾಚಿಕೆಯಿಂದ ಮುಚ್ಚಿಟ್ಟದ್ದು ಜೀವ ಉಳಿಸಬಲ್ಲ ಮುನ್ಸೂಚನೆ ಎಂಬುದು ಹೀಗೆ ತಿಳಿಯಿತು.

ಸಮಾರೋಪ

ಹೆಲರ್‌ಸ್ಟೀನ್ ಬಿಟ್ಟ ಖಾಲಿ ಜಾಗ ಪೂರ್ತಿ ತುಂಬಿಲ್ಲ. ಮಹಿಳೆಯರ ಹೃದಯಾಘಾತಾನಂತರದ ದಾಂಪತ್ಯ ಕುರಿತ ಸಂಶೋಧನೆ ಇಂದಿಗೂ ಕಡಿಮೆ. ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಈ ಬಗ್ಗೆ ಸಲಹೆ ಸಿಗುವುದು ಗಂಡಸರಿಗಿಂತ ಹೆಂಗಸರಿಗೆ ಅಪರೂಪವೆಂದು ಅಮೆರಿಕದ ಸಮೀಕ್ಷೆ ತೋರಿಸಿದೆ. ಭಯವನ್ನು ಅಳತೆಯಿಂದ ಪರೀಕ್ಷಿಸಬೇಕೆಂಬ ಹೆಲರ್‌ಸ್ಟೀನ್ ಅವರ ವಿಧಾನ ಈ ಕ್ಷೇತ್ರಕ್ಕೆ ತಳಪಾಯ. ಅದೇ ವಿಧಾನ ಹೆಣ್ಣಿನ ಆರೋಗ್ಯಕ್ಕೂ ಸಲ್ಲಬೇಕು. ರೋಗಿ ಕೇಳಲಿ ಎಂದು ಕಾಯದೆ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ವೈದ್ಯರೇ ಮಾತು ತೆಗೆಯಬೇಕು.