ತಂತ್ರಾಂಶ ಅಭಿವೃದ್ಧಿಯಲ್ಲಿ ವರ್ಚುವಲ್ ಮೆಷೀನ್

ವರ್ಚುವಲ್ ಮೆಷೀನ್ ಎಂಬುದು ಒಂದು ಭೌತಿಕ ಗಣಕಯಂತ್ರದೊಳಗೆ ತಂತ್ರಾಂಶದ ಮೂಲಕ ರೂಪುಗೊಳ್ಳುವ ಮತ್ತೊಂದು ಗಣಕ. ಅದಕ್ಕೆ ತನ್ನದೇ ಆದ ಕಾರ್ಯಾಚರಣ ವ್ಯವಸ್ಥೆ, ರ‍್ಯಾಮ್, ಡಿಸ್ಕ್ ಮತ್ತು ಜಾಲಸಂಪರ್ಕ ಇರುತ್ತವೆ. ಇವನ್ನು ಹಂಚಿಕೊಡುವ ತಂತ್ರಾಂಶವೇ ಹೈಪರ್‌ವೈಸರ್. ಮೂಲ ಗಣಕವನ್ನು ಆತಿಥೇಯ ಎಂದೂ ಒಳಗಿನದನ್ನು ಅತಿಥಿ ಎಂದೂ ಕರೆಯಲಾಗುತ್ತದೆ. ದಾವಣಗೆರೆಯ ಯು.ಬಿ.ಡಿ.ಟಿ. ಹಾಗೂ ಬಾಪೂಜಿ ಇಂಜಿನಿಯರಿಂಗ್ ಕಾಲೇಜುಗಳು ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ, ಆಪರೇಟಿಂಗ್ ಸಿಸ್ಟಮ್ಸ್ ವಿಷಯದ ಮೊದಲ ಘಟಕದಲ್ಲೇ ಇದರ ಪರಿಚಯವಿದೆ.

ಇತಿಹಾಸ

ಈ ಕಲ್ಪನೆಯನ್ನು 1960ರ ದಶಕದಲ್ಲಿ ಐಬಿಎಂ ತನ್ನ ದೊಡ್ಡ ಗಣಕಗಳಲ್ಲಿ ಕಾರ್ಯರೂಪಕ್ಕೆ ತಂದಿತು. 1999ರಲ್ಲಿ ಬಂದ ವಿಎಂವೇರ್ ವರ್ಕ್‌ಸ್ಟೇಷನ್ ಅದನ್ನು ಮೇಜಿನ ಮೇಲಿನ ಗಣಕಕ್ಕೆ ತಂದಿತು. 2007ರಲ್ಲಿ ಲಿನಕ್ಸ್ ಕರ್ನಲ್‌ಗೆ ಕೆವಿಎಂ ಸೇರಿತು. ಅದೇ ವರ್ಷ ವರ್ಚುವಲ್‌ಬಾಕ್ಸ್ ಮುಕ್ತ ತಂತ್ರಾಂಶವಾಗಿ ದೊರೆಯಿತು.

ಕನ್ನಡ ತಂತ್ರಾಂಶ ರಚನೆಯಲ್ಲಿ

'ಬರಹ' ಮತ್ತು ಕನ್ನಡ ಗಣಕ ಪರಿಷತ್ತಿನ 'ನುಡಿ' ವಿಂಡೋಸ್‌ಗಾಗಿ ರಚಿತವಾದವು. ಅವುಗಳಲ್ಲಿ ಸಿದ್ಧವಾದ ಹಳೆಯ ಕಡತಗಳಲ್ಲಿನ ಅಕ್ಷರಗಳು ಯೂನಿಕೋಡ್‌ನಲ್ಲಿರದೆ ಆಯಾ ಫಾಂಟ್‌ನ ಸಂಕೇತಗಳಲ್ಲಿರುವುದುಂಟು. ಫಾಂಟ್ ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಇಂತಹ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಬರೆಯುವವರು ಮೂಲಪಾಠ ಹೇಗಿತ್ತೆಂದು ಕಾಣಲು ವಿಂಡೋಸ್ ಅತಿಥಿಯನ್ನು ಇಟ್ಟುಕೊಳ್ಳಬಹುದು. ಅದಕ್ಕಾಗಿ ತಮ್ಮ ಗಣಕವನ್ನು ಅಳಿಸಿ ಮತ್ತೆ ಸಜ್ಜುಗೊಳಿಸಬೇಕಿಲ್ಲ. ಒತ್ತಕ್ಷರ, ಅರ್ಕಾವತ್ತುಗಳನ್ನು ಜೋಡಿಸುವ ತಂತ್ರಾಂಶವೂ ಎರಡು ವ್ಯವಸ್ಥೆಗಳಲ್ಲಿ ಬೇರೆಬೇರೆ. ಆದ್ದರಿಂದ 'ಸೂರ್ಯ', 'ರ‍್ಯಾಂಕ್' ಎಂಬಂಥ ಪದಗಳನ್ನು ಎರಡರಲ್ಲೂ ಪರೀಕ್ಷಿಸುವುದು ಅವಶ್ಯ. ಡಾಕರ್‌ನಂತಹ ಕಂಟೈನರ್‌ಗಳು ಹಗುರವಾದರೂ ಆತಿಥೇಯದ ಕರ್ನಲ್ಲನ್ನೇ ಬಳಸುವುದರಿಂದ ಈ ಕೆಲಸಕ್ಕೆ ಒದಗವು.

ಸ್ಥಾಪನೆ

ಮೊದಲು ಬಯಾಸ್‌ನಲ್ಲಿ ಇಂಟೆಲ್ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಸೌಲಭ್ಯ ಚಾಲನೆಯಲ್ಲಿರಬೇಕು. ಅನಂತರ ಹೈಪರ್‌ವೈಸರ್ ಅಳವಡಿಸಿ, ಹೊಸ ಯಂತ್ರ ಸೃಷ್ಟಿಸಿ, ಐಎಸ್‌ಒ ಕಡತದಿಂದ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸಲಾಗುತ್ತದೆ. 8 ಜಿಬಿ ರ‍್ಯಾಮ್ ಇರುವ ಗಣಕದಲ್ಲಿ ಅತಿಥಿಗೆ 4 ಜಿಬಿಗಿಂತ ಹೆಚ್ಚು ಕೊಟ್ಟರೆ ಎರಡೂ ನಿಧಾನವಾಗುವ ಸಂಭವವಿದೆ. ವಿಂಡೋಸ್ ಅತಿಥಿಗೆ ಪ್ರತ್ಯೇಕ ಪರವಾನಗಿ ಬೇಕು.

ನಿರ್ವಹಣೆ

ಯಂತ್ರದ ಒಂದು ಕ್ಷಣದ ಸ್ಥಿತಿಯನ್ನು ಉಳಿಸಿಡುವುದು ಸ್ನ್ಯಾಪ್‌ಶಾಟ್. ಪ್ರಯೋಗ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಆದರೆ ಮರಳಿದಾಗ ಆ ನಡುವೆ ಅತಿಥಿಯೊಳಗೆ ಬರೆದ ಸಂಕೇತವೂ ಅಳಿದುಹೋಗುತ್ತದೆ; ಹೊಸಬರು ಎಡವುವುದು ಇಲ್ಲಿಯೇ. ಸ್ನ್ಯಾಪ್‌ಶಾಟ್ ಮೂಲ ಡಿಸ್ಕ್ ಕಡತವನ್ನೇ ಅವಲಂಬಿಸಿರುವ ಕಾರಣ ಅದು ಬ್ಯಾಕಪ್ ಆಗಲಾರದು. ಆದ್ದರಿಂದ ಸಂಕೇತವನ್ನು ಗಿಟ್ ಮೂಲಕ ಬೇರೊಂದು ಗಣಕದಲ್ಲಿ ಉಳಿಸುವುದು ಕ್ಷೇಮ. ಹಳೆಯ ಸ್ನ್ಯಾಪ್‌ಶಾಟ್‌ಗಳು ಡಿಸ್ಕನ್ನು ಸದ್ದಿಲ್ಲದೆ ತುಂಬುವುದರಿಂದ ಬೇಡವಾದವನ್ನು ತೆಗೆದುಹಾಕಬೇಕು; ಅವುಗಳ ಕಡತಗಳನ್ನು ನೇರವಾಗಿ ಅಳಿಸದೆ ಹೈಪರ್‌ವೈಸರ್ ಮೂಲಕವೇ ತೆಗೆಯಬೇಕು.