ಹೊಣೆಗಾರನಿಗೆ ಹೊಣೆ ಯಾರು?

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ತನ್ನ ಪುರಾತನ ಹುಣಸೆ ತೋಪಿಗೆ ಹೆಸರಾದುದು. 2007ರಲ್ಲಿ ಆ ತೋಪು ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಮನ್ನಣೆ ಪಡೆಯಿತು. ಅಂಥ ಊರುಗಳಲ್ಲಿ ಸಾಲವೆಂಬುದು ಎಷ್ಟೋ ವೇಳೆ ಇಬ್ಬರ ವ್ಯವಹಾರವಲ್ಲ, ಮೂವರದು: ಕೊಡುವವನು, ಪಡೆಯುವವನು, ಜಾಮೀನು ನಿಲ್ಲುವವನು. “ಫಾದರ್, ನಿಮ್ಮದೊಂದು ಸಹಿ ಸಾಕು” ಎಂಬ ಬೇಡಿಕೆ ಗುರುಮನೆಯ ಬಾಗಿಲಿಗೂ ಬರುತ್ತದೆ. ಆದಕಾರಣ ಹೊಣೆಗಾರನ ರಕ್ಷಣೆಯ ಚರಿತ್ರೆಯನ್ನು ನಾವು ಅರಿತಿರುವುದು ಲೇಸು.

ಪವಿತ್ರಗ್ರಂಥ ಈ ವಿಷಯದಲ್ಲಿ ಎರಡು ದನಿಗಳಲ್ಲಿ ಮಾತನಾಡುತ್ತದೆ. ಆದಿಕಾಂಡದ 43ನೆಯ ಅಧ್ಯಾಯದಲ್ಲಿ ಯೆಹೂದನು ತಮ್ಮನಾದ ಬೆನ್ಯಾಮೀನನಿಗೆ ಹೊಣೆಯಾಗುತ್ತಾನೆ. ಮುಂದಿನ ಅಧ್ಯಾಯದಲ್ಲಿ ಆ ಮಾತಿಗಾಗಿ ತಾನೇ ದಾಸನಾಗಲು ಸಿದ್ಧನಾಗುತ್ತಾನೆ. ಜ್ಞಾನೋಕ್ತಿಗಳ ಗ್ರಂಥವಾದರೋ, ನೆರೆಯವನಿಗಾಗಿ ಮಾತು ಕೊಟ್ಟು ಸಿಕ್ಕಿಬಿದ್ದವನು ನಿದ್ದೆಗೆಟ್ಟಾದರೂ ಬಿಡಿಸಿಕೊಳ್ಳಲಿ ಎನ್ನುತ್ತದೆ. ಸಿರಾಖನ 29ನೆಯ ಅಧ್ಯಾಯ ಇವೆರಡನ್ನೂ ಕೂಡಿಸುತ್ತದೆ: ಸಜ್ಜನನು ನೆರೆಯವನಿಗೆ ಹೊಣೆಯಾಗುತ್ತಾನೆ, ಆದರೆ ತನ್ನ ಶಕ್ತಿಯನ್ನು ಅಳೆದು, ಬೀಳದಂತೆ ಎಚ್ಚರ ವಹಿಸಬೇಕು.

ಧರ್ಮಶಾಸ್ತ್ರಕಾರರೂ ರಾಜರೂ ಈ ಎಚ್ಚರಕ್ಕೆ ನಿಯಮದ ರೂಪ ಕೊಟ್ಟರು. ರೋಮನ್ ಚಕ್ರವರ್ತಿ ಹೇಡ್ರಿಯನನು, ಹೊಣೆಗಾರರು ಹಲವರಿದ್ದರೆ ತೀರಿಸಲು ಶಕ್ತರಾದವರಲ್ಲಿ ಸಾಲದ ಭಾರ ಹಂಚಿಕೆಯಾಗುವಂತೆ ಮಾಡಿದನು. 535ರಲ್ಲಿ ಜಸ್ಟಿನಿಯನ್ನನು, ಸಾಲಿಗನು ಮೊದಲು ಮೂಲ ಸಾಲಗಾರನನ್ನೇ ಕೇಳಬೇಕೆಂದು ವಿಧಿಸಿದನು. ನಮ್ಮ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ವ್ಯಾಖ್ಯಾನ ಬರೆದನು. ಆ ಸ್ಮೃತಿ ಹೊಣೆಯನ್ನು ಮೂರಾಗಿ ವಿಂಗಡಿಸುತ್ತದೆ: ಸಾಲಗಾರನನ್ನು ಹಾಜರುಪಡಿಸುವುದು, ಅವನು ನಂಬಿಗಸ್ತನೆಂದು ಹೇಳುವುದು, ಹಣವನ್ನೇ ಕೊಡುವುದು. ಮೊದಲೆರಡರ ಭಾರ ಹೊಣೆಗಾರನ ಮಕ್ಕಳ ಮೇಲೆ ಬೀಳದು. ಬಹಿರಂಗವಾಗಿ ಸಾಲ ತೀರಿಸಬೇಕಾಗಿ ಬಂದ ಹೊಣೆಗಾರನಿಗೆ ಸಾಲಗಾರನು ಇಮ್ಮಡಿ ಹಿಂದಿರುಗಿಸಬೇಕು.

ಇಂದು ನಮ್ಮನ್ನಾಳುವುದು 1872ರ ಭಾರತೀಯ ಕರಾರು ಅಧಿನಿಯಮ. ಅದರ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಸಾಲಗಾರನಿಂದ ವಸೂಲಿಗೆ ಯತ್ನಿಸಬೇಕೆಂದು ಬ್ಯಾಂಕನ್ನು ನಿರ್ಬಂಧಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1968ರಲ್ಲಿ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ತೀರ್ಪಿತ್ತಿತು. ಜಸ್ಟಿನಿಯನ್ನನು ಕೊಟ್ಟ ಆಸರೆ ಇಲ್ಲಿಲ್ಲ. ಆದರೂ ಜಾಮೀನುದಾರನು ನಿರಾಶ್ರಿತನಲ್ಲ. ಅವನ ಒಪ್ಪಿಗೆಯಿಲ್ಲದೆ ಸಾಲದ ಷರತ್ತುಗಳನ್ನು ಬದಲಿಸಿದರೆ, ಬದಲಾವಣೆಯ ನಂತರದ ವ್ಯವಹಾರಗಳಿಂದ ಅವನು ಮುಕ್ತನು (133). ಸಾಲಿಗನು ಕರಾರಿನ ಮೂಲಕ ಸಾಲಗಾರನನ್ನು ಬಿಡುಗಡೆ ಮಾಡಿದರೆ ಅವನೂ ಬಿಡುಗಡೆ (134). ಮುಖ್ಯ ಸಂಗತಿಯನ್ನು ಮರೆಮಾಚಿ ಪಡೆದ ಜಾಮೀನು ಅಸಿಂಧು (143). ಸಾಲ ತೀರಿಸಿದ ಮೇಲೆ ಸಾಲಿಗನ ಹಕ್ಕುಗಳೆಲ್ಲ ಅವನವೇ (140). ನ್ಯಾಯವಾಗಿ ಕೊಟ್ಟ ಹಣವನ್ನು ಸಾಲಗಾರನಿಂದ ಪಡೆಯಬಹುದು (145). ಆದರೆ ಈ ರಕ್ಷಣೆಗಳಲ್ಲಿ ಹಲವನ್ನು ಬಿಟ್ಟುಕೊಡುವ ಷರತ್ತುಗಳು ಅಚ್ಚಾದ ಜಾಮೀನು ಪತ್ರದಲ್ಲೇ ಇರುವುದುಂಟು. ಓದದೆ ಹಾಕಿದ ಸಹಿ ಕಾನೂನು ಕೊಟ್ಟುದನ್ನು ಕಳೆಯಬಲ್ಲದು.

ಗುರುಗಳ ವಿಷಯದಲ್ಲಿ ಧರ್ಮಸಭೆಯ ನಿಲುವು ಇನ್ನೂ ಬಿಗಿಯಾದುದು. ಪ್ರೇಷಿತರ ಹೆಸರಿನ ಪ್ರಾಚೀನ ನಿಯಮಾವಳಿಯು ಹೊಣೆಯಾಗುವ ಯಾಜಕನನ್ನು ಪದಚ್ಯುತಗೊಳಿಸಬೇಕೆಂದಿತು. 1917ರ ಸಂಹಿತೆಯ 137ನೆಯ ನಿಯಮವೂ, 1983ರ ಸಂಹಿತೆಯ 285ನೆಯ ನಿಯಮವೂ, ಮೇಲಧಿಕಾರಿಯನ್ನು ಕೇಳದೆ ಯಾಜಕನು ತನ್ನ ಸ್ವಂತ ಆಸ್ತಿಯ ಮೇಲೂ ಜಾಮೀನು ನಿಲ್ಲಬಾರದೆನ್ನುತ್ತವೆ.

ಇದು ಪ್ರೀತಿಗೆ ಹಾಕಿದ ಬೇಲಿಯೇ? ಹಿಬ್ರಿಯರಿಗೆ ಬರೆದ ಪತ್ರದ 7ನೆಯ ಅಧ್ಯಾಯ ಯೇಸುವನ್ನೇ ಶ್ರೇಷ್ಠ ಒಡಂಬಡಿಕೆಯ ಹೊಣೆಗಾರನೆನ್ನುತ್ತದೆ. ಸಂತ ಪೌಲನು ಒನೇಸಿಮನ ಬಾಕಿಯನ್ನು ತನ್ನ ಲೆಕ್ಕಕ್ಕೆ ಬರೆಸಿಕೊಳ್ಳುತ್ತಾನೆ. ಆದರೆ ಕ್ರಿಸ್ತನು ತೆತ್ತುದು ತನ್ನದನ್ನು. ಪೌಲನು ತನ್ನ ಕೈಯಿಂದಲೇ ಬರೆದು ಕೊಟ್ಟುದು ತನ್ನ ಮಾತನ್ನು. ನಮ್ಮ ಸಹಿಯ ಹಿಂದಾದರೋ ಧರ್ಮಕೇಂದ್ರದ ಜನರೆಲ್ಲರ ವಿಶ್ವಾಸ ನಿಂತಿರುತ್ತದೆ, ಮತ್ತು ಅದು ನಮ್ಮೊಬ್ಬರ ಸ್ವತ್ತಲ್ಲ. ಒಬ್ಬನ ಸಾಲಕ್ಕೆ ಸಹಿ ಹಾಕಿ ಮತ್ತೊಬ್ಬನಿಗೆ ಇಲ್ಲವೆಂದರೆ ನಾವು ಕುರುಬರಾಗಿ ಉಳಿಯುವೆವೇ?

ಆದುದರಿಂದ ಸಹಿ ಕೇಳಿ ಬಂದವನನ್ನು ಬರಿಗೈಯಲ್ಲಿ ಕಳುಹಿಸದಿರೋಣ. ಅವನ ಪಕ್ಕದಲ್ಲಿ ಕುಳಿತು ಆ ಪತ್ರವನ್ನು ಸಾಲುಸಾಲಾಗಿ ಓದಿ ಹೇಳೋಣ. ಅವನಿಗೆ ಜಾಮೀನು ನಿಲ್ಲಲಿರುವ ನೆರೆಯವನನ್ನೂ ಕರೆಸಿ ಕೇಳಿಸೋಣ. ಹೊಣೆಗಾರನಿಗೆ ನಾವು ಆಗಬಹುದಾದ ಹೊಣೆ ಅದು.