ಕೆಸರಲ್ಲಿ ಓಡಿದ ಜಾಕಿ: 13.62 ಸೆಕೆಂಡಿನ ಕಥೆ

ಜಾಕಿ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಬೆಂಗಳೂರು ರೇಸ್ ಕೋರ್ಸ್, ಥರೋಬ್ರೆಡ್ ಕುದುರೆ, ಅದರ ಬೆನ್ನ ಮೇಲೆ ಬಣ್ಣದ ಅಂಗಿ ಹಾಕಿ ಬಾಗಿ ಕೂತ ಸಣ್ಣ ದೇಹದ ಸವಾರ. ಅಲ್ಲಿ ಜಾಕಿಯ ತೂಕ ಕಡಿಮೆ ಇದ್ದಷ್ಟೂ ಒಳ್ಳೇದು. ಆದರೆ 2020ರಲ್ಲಿ ದೇಶವೆಲ್ಲ ಮಾತಾಡಿದ ನಮ್ಮ ಕರ್ನಾಟಕದ ಜಾಕಿ ಯಾವ ಪ್ರಾಣಿಯ ಮೇಲೂ ಕೂತಿರಲಿಲ್ಲ. ಅವರು ಕೋಣಗಳ ಹಿಂದೆ ಬರಿಗಾಲಲ್ಲಿ ಓಡಿದವರು.

ನಂದಿಗುಡಿ, ಹರಿಹರದ ಕಡೆ ಕೇಳ್ತಿರೋರಿಗೆ ಭತ್ತದ ಗದ್ದೆ ಹೊಸದಲ್ಲ. ಗದ್ದೆಯಲ್ಲಿ ಹೆಜ್ಜೆ ಕಿತ್ತು ಇಡೋದೇ ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಕರಾವಳಿಯಲ್ಲಿ ಅದೇ ಕೆಸರು ಓಟದ ಕಣ. ಅದೇ ಕಂಬಳ. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಅಂತ ಅದರಲ್ಲಿ ವಿಭಾಗಗಳಿವೆ. ಹಲಗೆ ವಿಭಾಗಗಳಲ್ಲಿ ಓಡಿಸುವವನು ಹಲಗೆ ಮೇಲೆ ನಿಲ್ತಾನೆ. ಕನೆ ಹಲಗೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಅನ್ನೋದೇ ಲೆಕ್ಕ. ಹಗ್ಗ ಮತ್ತು ನೇಗಿಲಿನಲ್ಲಿ ಮಾತ್ರ ಅವನೂ ಕೋಣಗಳ ಜೊತೆ ಓಡಬೇಕು.

2020ರ ಫೆಬ್ರವರಿ 1. ಮಂಗಳೂರಿನ ಹತ್ತಿರ ಐಕಳ ಕಂಬಳ. ಮೂಡುಬಿದಿರೆ ಬಳಿಯ ಮಿಜಾರಿನ ಶ್ರೀನಿವಾಸ ಗೌಡ, ವಯಸ್ಸು 28, ಕಟ್ಟಡ ಕೆಲಸದ ಕಾರ್ಮಿಕ. 142.5 ಮೀಟರ್ ಕಣವನ್ನ 13.62 ಸೆಕೆಂಡಿನಲ್ಲಿ ಮುಗಿಸಿದರು ಅಂತ ಘೋಷಣೆಯಾಯಿತು. ಯಾರೋ ಭಾಗಾಕಾರ ಮಾಡಿದರು: 100 ಮೀಟರಿಗೆ 9.55 ಸೆಕೆಂಡು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಅಷ್ಟು ಸಾಕಾಯ್ತು. ಫೋನಿಂದ ಫೋನಿಗೆ ವಿಡಿಯೋ ಹಾರಿತು. ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ರಯಲ್ಸ್‌ಗೆ ಕರೆದರು. ಮುಖ್ಯಮಂತ್ರಿ ಯಡಿಯೂರಪ್ಪ ಬೆಂಗಳೂರಿಗೆ ಕರೆಸಿ ಸನ್ಮಾನಿಸಿ 3 ಲಕ್ಷ ರೂಪಾಯಿ ಕೊಟ್ಟರು.

ಈಗ ಸ್ವಲ್ಪ ತಣ್ಣಗೆ ಲೆಕ್ಕ ಹಾಕೋಣ. ಓಟ ಶುರುವಾಗುವಾಗ ಎಲ್ಲರೂ ನಿಧಾನ, ವೇಗ ಬರೋದು ಆಮೇಲೆ. ದೂರ ಸ್ವಲ್ಪ ಹೆಚ್ಚಾದರೆ ಆ ನಿಧಾನದ ಭಾಗ ಸರಾಸರಿಯಲ್ಲಿ ಕರಗಿಹೋಗುತ್ತೆ. ಅದೇ 2009ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬೋಲ್ಟ್ 150 ಮೀಟರನ್ನ 14.35 ಸೆಕೆಂಡಿನಲ್ಲಿ ಓಡಿದ್ದರು. ಅದನ್ನೂ ಹೀಗೇ ಭಾಗಿಸಿದರೆ 100 ಮೀಟರಿಗೆ 9.57 ಬರುತ್ತೆ. ಅದರಲ್ಲಿ ಕೊನೆಯ 100 ಮೀಟರಿಗೆ ಅವರು ತಗೊಂಡಿದ್ದು 8.70 ಮಾತ್ರ! ಅಂದಮೇಲೆ ಭಾಗಾಕಾರದಿಂದ ದಾಖಲೆ ಹುಟ್ಟಲ್ಲ. ಮೇಲಾಗಿ ಬೋಲ್ಟ್‌ನ ಯಾರೂ ಎಳೀತಿರಲಿಲ್ಲ. ಇಲ್ಲಿ ಎರಡು ಕೋಣಗಳ ಬಲ ಓಟಗಾರನ ಕೈಗೆ ಸಿಕ್ಕಿರುತ್ತೆ. ಕಂಬಳದ ಟೈಮಿಂಗ್ ಬಗ್ಗೆ ಆಮೇಲೆ ಕರಾವಳಿಯಲ್ಲೇ ತಕರಾರು ಎದ್ದಿದ್ದೂ ಇದೆ.

ಇಷ್ಟೆಲ್ಲ ಗದ್ದಲದಲ್ಲಿ ಸರಿಯಾಗಿ ಮಾತಾಡಿದ್ದು ಯಾರು ಗೊತ್ತಾ? ಶ್ರೀನಿವಾಸ ಗೌಡರೇ. ಕಂಬಳದಲ್ಲಿ ನಾವು ಹಿಮ್ಮಡಿ ಊರಿ ಓಡ್ತೀವಿ, ಟ್ರ್ಯಾಕಲ್ಲಿ ಕಾಲ್ಬೆರಳ ಮೇಲೆ ಓಡಬೇಕು, ಎರಡೂ ಬೇರೆ ಅನ್ನೋದು ಅವರ ಮಾತಿನ ಸಾರ. ಗೆಲುವಿನಲ್ಲಿ ಕೋಣಗಳ ಪಾಲೂ ಇದೆ ಅಂತ ಹೇಳೋಕೂ ಅವರು ಮರೆಯಲಿಲ್ಲ. ಟ್ರಯಲ್ಸ್‌ಗೆ ಹೋಗಲಿಲ್ಲ. ಕಾಲಿಗೆ ಪೆಟ್ಟಾಗಿತ್ತು, ಸೀಸನ್ನಿನ ಕಂಬಳಗಳು ಬಾಕಿ ಇದ್ದವು. ಆ ಹೊತ್ತಿಗೆ ಇನ್ನೊಂದು ಸುದ್ದಿಯೂ ಬಂತು. ಫೆಬ್ರವರಿ 16ರಂದು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನ 13.61 ಸೆಕೆಂಡಿನಲ್ಲಿ ಓಡಿದರು. ಎರಡು ವಾರದಲ್ಲೇ ದಾಖಲೆ ಕೈ ಬದಲಾಯಿತು.

ಆದರೆ ಈ ಕಣವೇ ಇಲ್ಲದೆ ಹೋಗಬಹುದಿತ್ತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2016ರ ಕೊನೆಗೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಪ್ರಾಣಿಗಳಿಗೆ ಹಿಂಸೆ ಆಗುತ್ತೆ ಅನ್ನೋದು ಸುಳ್ಳು ಆರೋಪ ಅಂತ ತಳ್ಳಿಹಾಕೋಕೆ ಆಗಲ್ಲ, ಕೋಣಗಳ ಬೆನ್ನ ಮೇಲೆ ಬಾರುಕೋಲಿನ ಏಟು ಬೀಳೋದನ್ನ ಎಲ್ಲರೂ ನೋಡಿದ್ದಾರೆ. 2017ರಲ್ಲಿ ರಾಜ್ಯ ಸರ್ಕಾರ ಕಾನೂನಿಗೆ ತಿದ್ದುಪಡಿ ತಂತು. ಅದನ್ನ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದಿದ್ದು 2023ರ ಮೇ 18ರಂದು. ಅದೇ ವರ್ಷ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕಂಬಳ ನಡೀತು. ಅಂದ್ರೆ ಐಕಳದ ಆ 13.62 ಸೆಕೆಂಡು ಓಡುವಾಗ ಕಂಬಳದ ಭವಿಷ್ಯದ ಬಗ್ಗೆ ಕೊನೆಯ ಮಾತು ಇನ್ನೂ ಬಂದಿರಲಿಲ್ಲ.

ನನಗೆ ಈ ಕಥೆಯಲ್ಲಿ ಕಾಡೋದು ಒಂದೇ. ನಮ್ಮವನೊಬ್ಬ ಚೆನ್ನಾಗಿ ಓಡಿದ ಅಂತ ಒಪ್ಪೋಕೆ ನಮಗೆ ಬೋಲ್ಟ್ ಹೆಸರು ಬೇಕಾಯ್ತು. ಅದಕ್ಕೂ ಮುಂಚೆ ವರ್ಷಗಟ್ಟಲೆ ಅವರು ಓಡ್ತಾನೇ ಇದ್ದರು, ಗದ್ದೆಯ ಅಂಚಲ್ಲಿ ನಿಂತು ನೋಡಿದೋರಿಗೆ ಅವರ ಹೆಸರು ಗೊತ್ತಿತ್ತು. ಮುಂದಿನ ಸಲ ಅಂಥ ವಿಡಿಯೋ ಬಂದಾಗ, ಫಾರ್ವರ್ಡ್ ಮಾಡೋಕೆ ಮುಂಚೆ ಓಡಿದವನು ಏನು ಹೇಳ್ತಾನೆ ಅಂತ ಒಮ್ಮೆ ಕೇಳಿ.

ಮತ್ತೆ ಸಿಗೋಣ.